ವಿಮಾನದ ಮೇಲಿನ ಸಿಟ್ಟು, ಜಗದಾಂಬಮ್ಮನ ಜಗಲಿ

ಆರ್‌ಪಿಸಿ ಲೇಔಟಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಬೂತಿನ ಮುಂದೆ ಖಾಲಿ ಬಾಟಲಿ ಹಿಡಿದ ಕ್ಯೂ ಇದೆ. ಬೂತಿಗೆ ನಾಲ್ಕು ಮನೆ ಆಚೆ, ಒಂದು ಜಗಲಿಯ ಮೇಲೆ, ಹೆಂಗಸೊಬ್ಬಳು ಇನ್ನೊಬ್ಬ ಹೆಂಗಸಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಾಳೆ. ಕ್ಯೂನಲ್ಲಿರುವ ಒಬ್ಬರೂ ಕತ್ತು ತಿರುಗಿಸುವುದಿಲ್ಲ. ಪತ್ರಿಕೆಗೆ ಬರೆಯಲು ಬಂದ ಹೊಸಬನಾದ ನಾನೊಬ್ಬನೇ ಜಗಳ ಬಿಡಿಸಬೇಕೋ ಬೇಡವೋ ಎಂದು ಗೇಟಿನ ಹತ್ತಿರ ಚಡಪಡಿಸುತ್ತಿದ್ದೇನೆ.

“ನಿಮ್ಮನೇಲಿ ಗಂಡಸ್ರಿಲ್ವಾ? ಅವರಿಗೆ ಕೈ ಇಲ್ವಾ? ಬಡವರು ಅಂದ್ರೆ ಏನಂದ್ಕೊಂಡಿದೀರ ನೀವು?”

“ಕರೆದಾಗ ನೀವಿರಲಿಲ್ಲ. ರೂಲ್ಸು ಹಾಗಿದೆ, ನಾನೇನು ಮಾಡ್ಲಮ್ಮ?” ಎನ್ನುತ್ತಾರೆ ಬೈಸಿಕೊಳ್ಳುತ್ತಿರುವಾಕೆ. ಮಣೆಯ ಮೇಲೆ ಕೂತಿದ್ದಾರೆ. ಮುಖದಲ್ಲಿ ಸಿಟ್ಟಿಲ್ಲ. ಆ ಮಾತು ಬೆಂಕಿಗೆ ತುಪ್ಪ ಸುರಿದಂತಾಗಿ ಬೈಗುಳ ಇನ್ನೊಂದು ಸುತ್ತು ಏರುತ್ತದೆ. ಒಳಗಿನಿಂದ ಯಜಮಾನರೊಬ್ಬರು ಬಂದು ಬೈಯುವಾಕೆಯ ಕೈಗೆ ಕಾಫಿ ಲೋಟ ಕೊಟ್ಟು ಹೋಗುತ್ತಾರೆ. ಒಣಗಿದ ಗಂಟಲಲ್ಲಿ ಎಷ್ಟಂತ ಬೈಯಲಾದೀತು!

ಮಣೆಯ ಮೇಲಿರುವವರು ಜಗದಾಂಬಾ, ಐವತ್ತರ ಆಸುಪಾಸಿನ ಟೈಪಿಸ್ಟ್. ಕಾಫಿ ತಂದವರು ಅವರ ಯಜಮಾನರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಪದ್ಮನಾಭ. ಬೈಯುತ್ತಿರುವಾಕೆ ಬಾಪೂಜಿ ನಗರದ ಪುಟ್ಟಲಕ್ಷ್ಮಿ. ನಿನ್ನೆ ಸಂಜೆಯವರೆಗೆ ಇವರಿಬ್ಬರಿಗೆ ಮುಖಪರಿಚಯವೂ ಇರಲಿಲ್ಲ. ವಿಮಾನ ರದ್ದಾಗಿ, ಹಣವೂ ಇಲ್ಲದೆ ಸೀಟೂ ಇಲ್ಲದೆ ಕೈಚೆಲ್ಲಿ ಕೂತವರಿಗೆ ಅರ್ಜಿ ಟೈಪ್ ಮಾಡಿಕೊಟ್ಟು, ಅವರ ಜೊತೆ ವಿಮಾನ ಕಂಪನಿಯ ಆಫೀಸಿಗೆ ಹೋಗುವುದು ಜಗದಾಂಬಮ್ಮನ ಕೆಲಸ. ಟೈಪ್‌ರೈಟರ್ ಮುಟ್ಟುವ ಮೊದಲು ಅವರು ಗಿರಾಕಿಯಿಂದ ಹೊಟ್ಟೆ ತುಂಬ ಬೈಸಿಕೊಳ್ಳುತ್ತಾರೆ. ಕಂಪನಿಯ ಪಾತ್ರ ಅವರದೇ.

“ಸಿಟ್ಟಲ್ಲಿ ಆಫೀಸಿಗೆ ಹೋದ್ರೆ ಹೊರಗೆ ಹಾಕ್ತಾರೆ. ಅದಕ್ಕೇ ಇಲ್ಲೇ ಕಕ್ಕಿ ಹೋಗ್ಲಿ ಅಂತೀನಿ. ಬೈದು ಬೈದು ಸುಸ್ತಾದ್ಮೇಲೆ ಒಂದು ಮಾತು ಬರುತ್ತೆ ನೋಡಿ, ಅದೇ ಅವರ ಅರ್ಜಿ. ಮಿಕ್ಕಿದ್ದೆಲ್ಲ ಹೊಗೆ.”

ಪುಟ್ಟಲಕ್ಷ್ಮಿಯ ಗಂಡ ರಾಮಯ್ಯ ಜಗಲಿಯ ಮೂಲೆಯಲ್ಲಿ ಮುದುಡಿ ಕೂತಿದ್ದಾನೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಮಳೆಗಾಲಕ್ಕೆ ಮುಂಚೆ ಬಲಗೈ ಮಿಷನ್ನಿಗೆ ಸಿಕ್ಕಿತು. ಗಾಯ ಮಾಯಿತು, ಬೆರಳು ಮಡಚಲಿಲ್ಲ. ಹೊರದೇಶದ ಸರ್ಜನ್ನರೊಬ್ಬರು ಕೆಲವೇ ದಿನದ ಮಟ್ಟಿಗೆ ಬೊಂಬಾಯಿಗೆ ಬಂದಿದ್ದಾರೆ, ಶುಕ್ರವಾರ ಇವನ ಕೈ ನೋಡುತ್ತಾರೆ, ಗುರುವಾರ ಮಧ್ಯಾಹ್ನದೊಳಗೆ ಆಸ್ಪತ್ರೆ ಸೇರಬೇಕು ಎಂದು ತಂತಿ ಬಂತು. ರೈಲು ಹಿಡಿದರೆ ಎರಡು ದಿನ, ಹೊತ್ತಿಗೆ ಮುಟ್ಟುವುದು ಅನುಮಾನ. ಅವನ ಶಿಫ್ಟಿನವರೆಲ್ಲ ಕೈಲಾದಷ್ಟು ಹಣ ಹಾಕಿ ವಿಮಾನದ ಎರಡು ಟಿಕೆಟ್ ತೆಗೆಸಿದರು. ಶನಿವಾರ ಆ ಸರ್ಜನ್ ವಾಪಸು ಹೊರಡುತ್ತಾರೆ. ಈ ಕೈ ಹೋದರೆ ರಾಮಯ್ಯನಿಗೆ ಬೇರೆ ಕೆಲಸ ಬರುವುದಿಲ್ಲ.

ಮಂಗಳವಾರ ಬೆಳಗ್ಗೆ ಇಬ್ಬರೂ ವಿಮಾನ ನಿಲ್ದಾಣದಲ್ಲಿದ್ದರು. ಚೀಟಿ ಹರಿಸಿಕೊಂಡು ಒಳಗೆ ಕಾಯುವ ಕೋಣೆಯಲ್ಲೂ ಕೂತಿದ್ದರು. ಎಂಜಿನ್ನಿನ ತೊಂದರೆ, ಹೊರಡುವುದು ತಡ ಎಂದು ಮೈಕಿನಲ್ಲಿ ಕೂಗಿದರು. ಪುಟ್ಟಲಕ್ಷ್ಮಿಗೆ ಅದು ಅಪಶಕುನವಾಗಿ ಕಂಡಿತು. ಹೊರಟ ಕೆಲಸಕ್ಕೆ ಅಡ್ಡಿಯಾದರೆ ಮನೆಗೆ ಹಿಂದಿರುಗಿ, ಹೊಸ್ತಿಲೊಳಗೆ ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ನಮ್ಮಲ್ಲಿ ಯಾರ ಮನೆಯಲ್ಲಿಲ್ಲ ಈ ಪದ್ಧತಿ? ಆದರೆ ಮನೆ ಇರುವುದು ಊರಿನ ಇನ್ನೊಂದು ಕೊನೆಯಲ್ಲಿ. ಗಂಡನನ್ನು ಎಬ್ಬಿಸಿ ಆಟೋ ಹತ್ತಿಸಿದಳು. ಬಾಪೂಜಿ ನಗರಕ್ಕೆ ಬಂದು, ಕೂತು, ನೀರು ಕುಡಿದು, ಮತ್ತೆ ಆಟೋ ಹಿಡಿದು ಹೋಗುವಷ್ಟರಲ್ಲಿ ಹಾರಾಟವೇ ರದ್ದಾಗಿತ್ತು. ಅಲ್ಲಿದ್ದವರ ಹೆಸರು ಕರೆದು ಗುರುವಾರದ ವಿಮಾನದಲ್ಲಿ ಸೀಟು ಬರೆದುಕೊಟ್ಟಿದ್ದರು. ಇವರ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬರೆದಿದ್ದರು. ಗೈರಾದವರಿಗೆ ಸೀಟೂ ಇಲ್ಲ, ಹಣವೂ ಇಲ್ಲ.

ಕಥೆ ಕೇಳಿ ನನಗೆ ಮೊದಲು ಆಕೆಯ ಮೇಲೆಯೇ ರೇಗಿತು. ಆಮೇಲೆ ಆ ಮುಖ ನೋಡಿದೆ. ನಿನ್ನೆಯಿಂದ ತನ್ನನ್ನು ತಾನು ಬೈದುಕೊಂಡಷ್ಟು ಈ ಜಗಲಿಯ ಮೇಲೆ ಅವಳು ಯಾರಿಗೂ ಬೈದಿರಲಾರಳು.

ಜೊತೆಗೆ ಬಂದಿರುವ ಸಹೋದ್ಯೋಗಿ ಬಸವಲಿಂಗಪ್ಪ ಉಪಾಯ ಹೇಳುತ್ತಾರೆ. “ಅಮ್ಮ, ಮನೆಗೆ ಹೋದ ವಿಷ್ಯ ಬೇಡ. ಕರೆದಾಗ ಬಾತ್‌ರೂಮಲ್ಲಿದ್ರು ಅಂತ ಹೊಡೆದುಬಿಡಿ.”

“ಇಬ್ಬರೂ ಒಟ್ಟಿಗೇನಾ?” ಎಂದು ಜಗದಾಂಬಮ್ಮ ಕೇಳುತ್ತಾರೆ. ರಾಮಯ್ಯ ಕೂಡ ನಕ್ಕುಬಿಡುತ್ತಾನೆ. ಆ ಬೆಳಗಿನಲ್ಲಿ ಬಂದ ನಗು ಅದೊಂದೇ.

ಪುಟ್ಟಲಕ್ಷ್ಮಿ ನಗುವುದಿಲ್ಲ. ಲೋಟ ಕೆಳಗಿಟ್ಟು, ಸೋತ ದನಿಯಲ್ಲಿ ಹೇಳುತ್ತಾಳೆ: “ಬಸ್ಸು ಹೊರಟೋಗಿದ್ರೆ ನಮಗೆ ತಪ್ಪೋಯ್ತು ಅನ್ನಬಹುದು. ಡಿಪೋದಲ್ಲೇ ನಿಂತಿರೋ ಬಸ್ಸು ಯಾರಿಗಮ್ಮ ತಪ್ಪೋದು?”

ಜಗದಾಂಬಮ್ಮ ಮಣೆಯಿಂದ ಏಳುತ್ತಾರೆ. “ಬಂತು. ಇದನ್ನೇ ಅಲ್ಲಿ ಹೇಳಿ. ಹೀಗೇ ಹೇಳಿ, ಮೆತ್ತಗೆ.” ಒಳಗೆ ಟೈಪ್‌ರೈಟರ್ ಟಕಟಕ ಶುರುವಾಗುತ್ತದೆ. ಮನೆಗೆ ಹೋಗಿದ್ದು, ನೀರು ಕುಡಿದಿದ್ದು, ಎಲ್ಲವೂ ಇದ್ದದ್ದು ಇದ್ದಂತೆ ಅರ್ಜಿಯಲ್ಲಿದೆ.

ಬೈಸಿಕೊಳ್ಳುವ ಈ ವಿದ್ಯೆಯನ್ನು ಅವರು ಆಸೆಪಟ್ಟು ಕಲಿತದ್ದಲ್ಲ. ಗಾಂಧಿನಗರದ ಒಂದು ಟಿಕೆಟ್ ಏಜೆನ್ಸಿಯಲ್ಲಿ ಟೈಪಿಸ್ಟ್ ಆಗಿದ್ದರು. ಮಾಲೀಕ ಗಿರಾಕಿಗಳ ಮುಂಗಡ ಹಣ ಬಾಚಿಕೊಂಡು ರಾತ್ರೋರಾತ್ರಿ ಊರು ಬಿಟ್ಟ. ಬೆಳಗ್ಗೆ ಬಾಗಿಲು ತೆಗೆದ ಜಗದಾಂಬಮ್ಮ ಸಿಕ್ಕಿಬಿದ್ದರು. ಬಂದವರೆಲ್ಲ ಅವರಿಗೇ ಉಗಿದರು. ಮಾರನೆಯ ದಿನವೂ ಅವರು ಹೋಗಿ ಕೂತರು.

“ಯಾಕಮ್ಮ ಹೋದ್ರಿ?”

“ಅವರಿಗೆ ಬೈಯೋಕಾದ್ರೂ ಒಬ್ಬರು ಬೇಡ್ವೇನ್ರೀ?”

ಬಾಕಿ ಸಂಬಳಕ್ಕೆ ಬದಲಾಗಿ ಆ ಆಫೀಸಿನ ಟೈಪ್‌ರೈಟರ್ ಮನೆಗೆ ಬಂತು. ಬೈದು ಹೋದವರೇ ಒಬ್ಬೊಬ್ಬರಾಗಿ ಅರ್ಜಿಗೆ ಬಂದರು. ಅರ್ಜಿಗೆ ಎರಡು ರೂಪಾಯಿ, ಬಸ್ ಚಾರ್ಜು ಬೇರೆ. ವಿಮಾನದ ಗಿರಾಕಿಗಳು ತಿಂಗಳಿಗೆ ಐದಾರು ಜನ ಬಂದರೆ ಹೆಚ್ಚು. ಉಳಿದಂತೆ ಕೆಲಸದ ಅರ್ಜಿ, ಮದುವೆಯ ಜಾತಕದ ನಕಲು ಇತ್ಯಾದಿ. ವಿಜಯನಗರದಲ್ಲಿದ್ದಾಗ ಮಾಲೀಕರು ಇವರಿಂದ ಮನೆ ಖಾಲಿ ಮಾಡಿಸಿದ್ದರು. ದಿನಾ ಬೆಳಗ್ಗೆ ಜನ ಬಂದು ಉಗಿದು ಹೋಗುವುದನ್ನು ಕಂಡು, ಚೀಟಿ ನಡೆಸಿ ಟೋಪಿ ಹಾಕಿದವರು ಎಂದುಕೊಂಡಿದ್ದರಂತೆ. “ನಾನೂ ಮೊದಮೊದಲು ಹಾಗೇ ಅಂದ್ಕೊಂಡಿದ್ದೆ” ಎಂದು ಪದ್ಮನಾಭ ಮೇಷ್ಟ್ರು ಕಾಲೆಳೆಯುತ್ತಾರೆ.

ಆಫೀಸಿಗೆ ಹೋಗುವ ಬಸ್ಸಿನಲ್ಲಿ ಜಗದಾಂಬಮ್ಮ ಅರ್ಜಿಯನ್ನು ಮತ್ತೊಮ್ಮೆ ಓದುತ್ತಾರೆ. ಇಷ್ಟು ವರ್ಷವಾದರೂ ಆ ಆಫೀಸಿನ ಮೆಟ್ಟಿಲು ಹತ್ತಲು ಅವರಿಗೆ ಹೆದರಿಕೆಯಂತೆ. ಈಗ ಅಲ್ಲಿ ಹೊಸ ಕಟ್ಟಳೆ ಬೇರೆ: ಪ್ರಯಾಣಿಕರ ಮಾತನ್ನು ಪ್ರಯಾಣಿಕರೇ ಆಡಬೇಕು, ಹೊರಗಿನವರು ಬಾಯಿ ತೆಗೆದರೆ ಅರ್ಜಿ ವಾಪಸ್.

ಅಧಿಕಾರಿ ಶ್ಯಾಮಸುಂದರ ಕೆಟ್ಟವರೇನಲ್ಲ, ಕೆಲಸದ ಮನುಷ್ಯ. ಅರ್ಜಿ ಓದುತ್ತಾರೆ. ಜಗದಾಂಬಮ್ಮ ಮತ್ತು ನಾನು ಗೋಡೆ ಪಕ್ಕದ ಬೆಂಚಿನಲ್ಲಿದ್ದೇವೆ.

“ಮನೆಗೆ ಹೋಗಿದ್ರಾ? ಯಾಕೆ?”

ಪುಟ್ಟಲಕ್ಷ್ಮಿಗೆ ಮಾತೇ ಹೊರಡುವುದಿಲ್ಲ. ಜಗಲಿಯ ಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದವಳು ಇವಳೇನಾ ಎನಿಸುತ್ತದೆ. ರಾಮಯ್ಯ ನೆಲ ನೋಡುತ್ತಿದ್ದಾನೆ. ಜಗದಾಂಬಮ್ಮನ ತುಟಿ ಅಲುಗುತ್ತದೆ, ಮುಚ್ಚುತ್ತದೆ. ನನಗೇ ಎದ್ದು ಕೂಗಿಬಿಡುವಷ್ಟು ಸಂಕಟ.

“ಕರೆದಾಗ ಇಲ್ಲ ಅಂದ್ರೆ ವಿಮಾನ ತಪ್ಪಿಸಿಕೊಂಡ ಹಾಗೇ ಅಮ್ಮ. ನನ್ನ ಕೈಲಿ ಏನಿಲ್ಲ.” ಅವರು ಪೆನ್ನಿನ ಕ್ಯಾಪ್ ಹಾಕುತ್ತಾರೆ.

ಪುಟ್ಟಲಕ್ಷ್ಮಿ ತಿರುಗಿ ಬೆಂಚಿನ ಕಡೆ ನೋಡುತ್ತಾಳೆ. ಜಗದಾಂಬಮ್ಮ ಏನೂ ಸನ್ನೆ ಮಾಡುವುದಿಲ್ಲ. ಬೆಳಗ್ಗೆ ಮಣೆಯ ಮೇಲೆ ಬೈಸಿಕೊಳ್ಳುತ್ತ ಕೂತಿದ್ದಂತೆಯೇ ಮೊಣಕಾಲ ಮೇಲೆ ಕೈಯಿಟ್ಟು ಕೂತು, ಅವಳನ್ನೇ ನೋಡುತ್ತಾರೆ, ಅಷ್ಟೇ.

“ಡಿಪೋದಲ್ಲೇ ನಿಂತಿರೋ ಬಸ್ಸು ಯಾರಿಗೆ ತಪ್ಪುತ್ತೆ ಸಾರ್?” ಮೆತ್ತಗೆ ಕೇಳುತ್ತಾಳೆ ಪುಟ್ಟಲಕ್ಷ್ಮಿ. “ನಿಮ್ಮ ವಿಮಾನ ಹೋಗ್ಲೇ ಇಲ್ವಲ್ಲ. ನಾವು ನೀರು ಕುಡಿಯೋಕೆ ಹೋಗಿದ್ದು ತಪ್ಪೇ. ಆದ್ರೆ ಕೂತಿದ್ದೋರನ್ನೂ ಅದು ಕರ್ಕೊಂಡು ಹೋಗ್ಲಿಲ್ಲ.”

ಶ್ಯಾಮಸುಂದರ ಅರ್ಜಿ ಹಿಡಿದು ಏಳುತ್ತಾರೆ. ಪಕ್ಕದ ಕೋಣೆಗೆ ಹೋಗಿ ಬರುತ್ತಾರೆ. “ಸರಿ. ಎರಡು ಟಿಕೆಟ್ಟಿನ ಹಣ ಪೂರ್ತಿ ವಾಪಸ್ ಕೊಡಿಸ್ತೀನಿ. ಇಲ್ಲಿ ಸೈನ್ ಹಾಕಿ, ಲೆಕ್ಕ ಚುಕ್ತಾ.”

ರಾಮಯ್ಯ ಉಸಿರು ಬಿಟ್ಟು ಎಡಗೈ ಮುಂದೆ ಚಾಚುತ್ತಾನೆ. ಶಿಫ್ಟಿನವರ ಹಣ ಅವರಿಗೆ ಹಿಂದಿರುಗಿಸಬಹುದು, ಮಾನ ಉಳಿಯಿತು ಎಂಬ ಸಮಾಧಾನ ಅವನ ಮುಖದಲ್ಲಿದೆ. ಪುಟ್ಟಲಕ್ಷ್ಮಿ ಆ ಕೈ ಹಿಡಿದು ಹಿಂದಕ್ಕೆಳೆಯುತ್ತಾಳೆ.

“ದುಡ್ಡು ಬೇಡ ಸಾರ್. ಸೀಟು ಕೊಡಿ.”

“ಸೀಟಿಲ್ಲಮ್ಮ. ನಾಳೆ ಪೂರ್ತಿ ಫುಲ್.”

“ಕಾಯ್ತೀವಿ.”

ಕಾಯುತ್ತಾರೆ. ಊಟದ ಹೊತ್ತು ಕಳೆಯುತ್ತದೆ. ಫೋನು ಬಂದಾಗಲೆಲ್ಲ ನಾಲ್ಕೂ ಜನ ತಲೆಯೆತ್ತುತ್ತೇವೆ. ಗುಮಾಸ್ತರೊಬ್ಬರು ಬಂದು, ಹಣವಾದರೂ ತೆಗೆದುಕೊಳ್ಳಿ, ಸಂಜೆಯಾದರೆ ಕ್ಯಾಷ್ ಮುಚ್ಚುತ್ತದೆ ಎಂದು ಹೆದರಿಸಿ ಹೋಗುತ್ತಾರೆ. ಹಣ ತಗೊಳ್ಳೋಣ ಎಂದು ರಾಮಯ್ಯ ಹೆಂಡತಿಯ ಕಿವಿಯಲ್ಲಿ ಗೊಣಗುತ್ತಲೇ ಇದ್ದಾನೆ. ನಾನು ಮೆಲ್ಲಗೆ ಜಗದಾಂಬಮ್ಮನನ್ನು ಕೇಳುತ್ತೇನೆ: ಯಾವುದು ಸರಿ? “ನಂಗೊತ್ತಿಲ್ಲ ಕಣ್ರೀ. ಸೀಟು ಸಿಗದಿದ್ರೆ ಎರಡೂ ಹೋಯ್ತು. ಇದು ಅವಳು ಆಡೋ ಆಟ, ನಾನು ಆಡೋಕಾಗಲ್ಲ.”

ಬಿಸಿಲು ಇಳಿಯುವ ಹೊತ್ತಿಗೆ ಶ್ಯಾಮಸುಂದರ ತಾವೇ ಎದ್ದು ಬರುತ್ತಾರೆ. ಯಾರೋ ಒಬ್ಬರು ನಾಳೆಯ ಪ್ರಯಾಣ ಬಿಟ್ಟಿದ್ದಾರೆ. ಸೀಟು ಒಂದೇ ಒಂದು.

“ಷರ್ಟಿನ ಗುಂಡಿ ಹಾಕ್ಕೊಳ್ಳೋಕೆ ಬರಲ್ಲ ನಂಗೆ. ಒಬ್ಬನೇ ಹೆಂಗೆ ಹೋಗ್ಲೇ?” ಎನ್ನುತ್ತಾನೆ ರಾಮಯ್ಯ.

“ಗುಂಡಿ ನಾನು ಹಾಕಿ ಕಳಿಸ್ತೀನಿ. ಅಲ್ಲಿ ನರ್ಸು ಬಿಚ್ತಾರೆ. ನೀವು ಹೋಗಿ” ಎನ್ನುತ್ತಾಳೆ ಪುಟ್ಟಲಕ್ಷ್ಮಿ. ತನ್ನ ಟಿಕೆಟ್ಟಿನ ಹಣ ಎಣಿಸಿಕೊಂಡು, ಅದರಲ್ಲೇ ರೈಲಿನ ಟಿಕೆಟ್ ತೆಗೆದು ಹಿಂದೆಯೇ ಹೊರಡುವುದೆಂದು ನಿಂತ ನಿಲುವಿನಲ್ಲಿ ತೀರ್ಮಾನಿಸುತ್ತಾಳೆ. ಜಗದಾಂಬಮ್ಮನ ಕಾಲು ಮುಟ್ಟಲು ಬಗ್ಗಿದರೆ ಅವರು ಗದರುತ್ತಾರೆ.

ಗುರುವಾರ ಬೆಳಗ್ಗೆ ನಾನೂ ಬಸವಲಿಂಗಪ್ಪನವರೂ ವಿಮಾನ ನಿಲ್ದಾಣಕ್ಕೆ ಹೋಗುತ್ತೇವೆ. ರಾಮಯ್ಯ ಒಳಗೆ ಹೋಗಿ ಸ್ವಲ್ಪ ಹೊತ್ತಿಗೇ ಮೈಕು ಕೂಗುತ್ತದೆ: ಬೊಂಬಾಯಿ ವಿಮಾನ ಹೊರಡುವುದು ತಡ. ಪುಟ್ಟಲಕ್ಷ್ಮಿ ಕಟಕಟೆಯ ಸರಳು ಹಿಡಿದು ನಿಂತವಳು ಕದಲುವುದಿಲ್ಲ. ಗಂಡ ಅಲ್ಲಿಂದ ಎದ್ದು ಬಂದಾನೇನೋ ಎಂದು ಬಾಗಿಲನ್ನೇ ಕಾಯುತ್ತಿದ್ದಾಳೆ. ಅವನು ಬರುವುದಿಲ್ಲ. ಕೊನೆಗೆ ಜನ ಸಾಲಾಗಿ ನಡೆಯುತ್ತಾರೆ, ಅವರಲ್ಲಿ ಬಲಗೈ ಎದೆಗೊತ್ತಿಕೊಂಡ ಒಬ್ಬ ಮನುಷ್ಯ ಏಣಿ ಹತ್ತುತ್ತಾನೆ. ವಿಮಾನ ಏಳುತ್ತದೆ. ಆಗ ಅವಳು ಅಳುತ್ತಾಳೆ. ಬಸವಲಿಂಗಪ್ಪ ಅವಳನ್ನು ಆಟೋದಲ್ಲಿ ರೈಲ್ವೆ ಸ್ಟೇಷನ್ನಿಗೆ ಕರೆದೊಯ್ಯುತ್ತಾರೆ.

ನಾನು ಆರ್‌ಪಿಸಿ ಲೇಔಟಿಗೆ ಬರುತ್ತೇನೆ. ಜಗದಾಂಬಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾರೆ. “ಹೋಯ್ತಮ್ಮ” ಎನ್ನುತ್ತೇನೆ.

“ನೀವೇ ನೋಡಿದ್ರಾ? ಹತ್ತಿದ್ನಾ ಅವನು?”

“ಹತ್ತಿದ. ಕಣ್ಣಾರೆ ನೋಡಿದೆ.”

ಒದ್ದೆ ಕೈಯಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಡುತ್ತಾರೆ. “ಬೈಯೋಕೆ ಎಲ್ಲರೂ ಬರ್ತಾರೆ. ಹೋಯ್ತು ಅಂತ ಹೇಳೋಕೆ ಇಷ್ಟು ವರ್ಷದಲ್ಲಿ ಒಬ್ಬರೂ ಬಂದಿರಲಿಲ್ಲ.” ಮುಖ ಆಚೆ ತಿರುಗಿಸಿ ಒಗೆದ ಬಟ್ಟೆ ಹಿಂಡತೊಡಗುತ್ತಾರೆ.

ಆ ಕೈ ಸರಿಹೋದರೆ ಕರೆತಂದು ತೋರಿಸಲು ಹೇಳಲೇ ಎಂದು ಕೇಳುತ್ತೇನೆ.

“ತೋರಿಸೋದೇನೂ ಬೇಡಪ್ಪ, ಪಾಪ. ಲೇತಿನ ಮುಂದೆ ನಿಂತ ಅಂತ ಯಾರಾದ್ರೂ ಒಂದು ಮಾತು ಹೇಳಿದ್ರೆ ಸಾಕು ನಂಗೆ.”