ಭೋಂಗಾ ಕೂಗಿದರೆ ಯಾವ ಕಡೆ ಓಡಬೇಕು?

ನಮ್ಮ ಮನೆಯ ಗೋಡೆಯಲ್ಲೊಂದು ಗಡಿಯಾರವಿದೆ. ಆದರೆ ಒಲೆಯ ಮೇಲೆ ಹಂಚು ಏರುವುದು ಅದನ್ನು ನೋಡಿ ಅಲ್ಲ, ಕಾರ್ಖಾನೆಯ ಭೋಂಗಾ ಕೇಳಿ. ಸೈರನ್ ಎನ್ನುವ ಶಬ್ದ ಕಾಗವಾಡದ ಸುತ್ತಿನ ನಮ್ಮ ನಾಲಗೆಗೆ ಒಗ್ಗಿದ್ದಲ್ಲ. ಭೋಂಗಾ ಹೊತ್ತಿಗೆ ಸರಿಯಾಗಿ ಕೂಗಿತೋ, ಪಾಳಿ ಬದಲಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಬಿಟ್ಟೂಬಿಡದೆ ಕೂಗಿತೋ, ಕಾರ್ಖಾನೆಯ ಸುತ್ತ ಎಲ್ಲೋ ಕಬ್ಬಿಗೆ ಬೆಂಕಿ ಬಿದ್ದಿದೆ, ಕೈಗೆ ಸಿಕ್ಕ ಕೊಡ ಹಿಡಿದು ಕೂಗು ಬಂದ ಕಡೆಗೇ ಓಡಬೇಕು. ಇದನ್ನು ಯಾರೂ ಯಾರಿಗೂ ಕುಳ್ಳಿರಿಸಿ ಕಲಿಸಿದ್ದಲ್ಲ.

ನಾನು ಆ ಕಾರ್ಖಾನೆಯ ಜನಸಂಪರ್ಕ ಅಧಿಕಾರಿ. ಹತ್ತಾರು ದೇಶಗಳಲ್ಲಿ ಹರಡಿಕೊಂಡಿರುವ ಕಂಪನಿ; ಇಲ್ಲಿ ಶೀತಲಗೃಹಗಳ ಯಂತ್ರ ತಯಾರಿಸುತ್ತದೆ, ಅವನ್ನು ಪರೀಕ್ಷಿಸಲು ಅಮೋನಿಯಾ ತುಂಬಿದ ದೊಡ್ಡ ಟಾಕಿ ಇಟ್ಟುಕೊಂಡಿದೆ. ಅವಘಡವಾದರೆ ಯಾರು, ಯಾವಾಗ, ಏನು ಮಾತಾಡಬೇಕೆಂದು ಪರದೇಶದ ಪಂಡಿತರು ಬರೆದ ದಪ್ಪ ಕಡತವೊಂದು ನನ್ನ ಮೇಜಿನ ಮೇಲೆ ಬಂದು ಕೂತಿತು. ಭೋಂಗಾ ಎಡೆಬಿಡದೆ ಕೂಗಿದರೆ ಜನ ದೂರ ಸರಿಯುತ್ತಾರೆ ಎಂದು ಅದರಲ್ಲಿ ಧೈರ್ಯವಾಗಿ ಬರೆದಿತ್ತು. ನಾನು ಬಾಯಿ ತೆರೆಯಬೇಕಾದರೆ ಮೂರು ದೇಶದ ಮೂರು ಕಚೇರಿ ಒಪ್ಪಬೇಕು. ಅದೂ ಅವರೇ ಬರೆದುಕೊಟ್ಟ ವಾಕ್ಯಗಳಿಗೆ ಮಾತ್ರ.

"ನಮ್ಮ ಮಂದಿ ದೂರ ಹೋಗುವುದಿಲ್ಲ, ಓಡಿ ಬರುತ್ತಾರೆ" ಎಂದು ವಿಡಿಯೋ ಸಭೆಯಲ್ಲಿ ತಿಳಿಸಿದೆ. ಅಮೂಲ್ಯ ಸಲಹೆ ಎಂದು ಹೊಗಳಿದರು. ಕಡತದ ಮುಂದಿನ ಆವೃತ್ತಿಯಲ್ಲಿ ರಕ್ಷಾಪುಟದ ಬಣ್ಣ ಬದಲಾಗಿತ್ತು, ಒಳಗಿನ ಒಂದಕ್ಷರವೂ ಅಲುಗಿರಲಿಲ್ಲ. ಮತ್ತೆ ಬರೆದೆ, ಮತ್ತೆ ಹೊಗಳಿದರು. ಸ್ನೇಹಿತರೇ, ಬೈದರೆ ತಿರುಗಿ ಬೈಯಬಹುದು. ಹೊಗಳಿ ಕೈಬಿಡುವವರನ್ನು ಏನು ಮಾಡುತ್ತೀರಿ?

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಟಾಕಿಯ ವಾಲ್ವು ಬಿರಿದು ಅನಿಲ ಸೋರಿತು. ಭೋಂಗಾ ಅರಚತೊಡಗಿತು. ನಿಯಮದ ಪ್ರಕಾರ ನಾನು ಮೂರು ದೇಶಗಳಿಗೆ ಕಡತದಿಂದ ಆಯ್ದ ವಾಕ್ಯ ಕಳಿಸಿ ಒಪ್ಪಿಗೆಗಾಗಿ ಕಾಯುತ್ತ ಕೂತೆ. ಹಾಗೆ ಕೂತದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಕಿಟಕಿಯಾಚೆ ನೋಡಿದರೆ ದ್ರಾಕ್ಷಿ ತೋಟದ ಹೆಂಗಸರು ಕೊಡ ಹೊತ್ತು ಗೇಟಿನತ್ತ ಓಡಿ ಬರುತ್ತಿದ್ದಾರೆ. ಎಲ್ಲರಿಗಿಂತ ಮುಂದೆ, ಕಾಂಪೌಂಡಿನ ಪಕ್ಕದಲ್ಲಿ ಆಡು ಕಾಯುವ ಕಾಶವ್ವ.

ಎದ್ದು ಓಡಿದೆ. "ಕಾಶವ್ವಾ, ಹಿಂದಕ್ಕ ಹೋಗ್ರಿ! ವಿಷದ ಗಾಳಿ ಐತಿ! ಸೆರಗ ನೀರಾಗ ಎದ್ದಿ ಮೂಗಿಗೆ ಹಿಡೀರಿ, ಎಲ್ಲಾರೂ ಹೊಳಿ ಕಡೆ ಓಡ್ರಿ!"

"ಒಳಗಿನ ಮಂದಿ ಗತಿ ಏನ್ರೀ ಸಾಹೇಬ್ರ?" ಎಂದು ಆಕೆ ಕೆಮ್ಮುತ್ತಲೇ ಕೂಗಿದಳು. ಅವರು ಆಗಲೇ ಹಿಂದಿನ ಬಾಗಿಲಿಂದ ಹೊರಬಿದ್ದಿದ್ದರು. ಅದನ್ನು ಹೇಳಿದ ಮೇಲೆಯೇ ಆಕೆ ತಿರುಗಿದ್ದು.

ಯಾರ ಜೀವಕ್ಕೂ ಅಪಾಯವಾಗಲಿಲ್ಲ. ನಾನು ಕಳಿಸಿದ್ದ ವಾಕ್ಯಕ್ಕೆ ಒಪ್ಪಿಗೆ ಮರುದಿನ ಬಂತು, ಒಂದು ಅಲ್ಪವಿರಾಮ ತಿದ್ದಿ. ಅದರ ಹಿಂದೆಯೇ ಕಾರಣ ಕೇಳುವ ನೋಟಿಸು: ಅನುಮತಿಯಿಲ್ಲದೆ ಮಾತಾಡಿದ್ದೇಕೆ? ವಿಷ ಎಂಬ ಪದ ಬಳಸಿದ್ದೇಕೆ? "ಸೀಮಿತ ಅನಿಲ ವ್ಯತ್ಯಯ" ಎನ್ನಬೇಕಿತ್ತಂತೆ. ಕಣ್ಣುರಿಯಲ್ಲಿ ಓಡುತ್ತಿರುವ ಹೆಣ್ಣುಮಗಳಿಗೆ ನಾನು ನಿಂತು ವ್ಯತ್ಯಯದ ವ್ಯಾಖ್ಯಾನ ಕೊಡಬೇಕಿತ್ತು! ಕಂಪನಿಯ ಹೆಸರು ಕೆಡದಂತೆ ನೋಡಿಕೊಳ್ಳಲು ಅಷ್ಟೊಂದು ಹಾಳೆ. ಕಾಶವ್ವನ ಹೆಸರು ಬರೆಯಲು ಅಂಗೈಯಗಲದ ಜಾಗವಿಲ್ಲ.

ನೋಟಿಸು ಬಂದ ಸಂಜೆಯೇ ಕಾಶವ್ವನ ಮನೆಗೆ ಹೋದೆ. ಕಣ್ಣಿನ ಕೆಂಪು ಇನ್ನೂ ಇಳಿದಿರಲಿಲ್ಲ. ಇನ್ನು ಮುಂದೆ ಭೋಂಗಾ ಕೂಗಿದರೆ ಓಡಿ ಬರಬೇಡಿರೆಂದು ಕೈಮುಗಿದು ಹೇಳಿದೆ. ಚಹಾದ ಬಟ್ಟಲು ನನ್ನ ಮುಂದಿಟ್ಟು ಆಕೆ ಅಂದಳು: "ಮಂದಿ ಒಳಗ ಸಿಕ್ಕೊಂಡಾರ ಅಂದ್ರ ಹ್ಯಾಂಗ ಸುಮ್ಮನ ಕುಂದ್ರೂದ್ರಿ? ನಿನ್ನಿ ನೀವ ಇದ್ರಿ, ಹೇಳಿದ್ರಿ. ನೀವು ರಜಾದಾಗ ಇದ್ದಿದ್ರ ನಮಗ ಯಾರ ಹೇಳ್ತಿದ್ರು?"

ಕಚೇರಿಗೆ ಬಂದು ಕಡತವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದೆ. ಉತ್ತರ ಸಿಗಲಿಲ್ಲ. ಅಂದಿನಿಂದ ನಾನು ಒಂದು ದಿನವೂ ರಜೆ ಹಾಕಿಲ್ಲ.