ಭಂಡಾರ ಮುಟ್ಟಿ ಹೇಳು ಎಂದವರು

ಹಣೆಯೊಂದು ಬಿಟ್ಟರೆ ಅವರ ಮೈಯೆಲ್ಲ ಕಪ್ಪು. ಹುಟ್ಟಿನ ಕಪ್ಪಲ್ಲ, ರಬ್ಬರಿನ ಕಪ್ಪು. ಅಂಗೈಯ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ ಕೂಡ ಅದು ಕೂತಿತ್ತು. ಹಣೆಯ ಮೇಲೆ ಮಾತ್ರ ಬೀರಪ್ಪನ ಭಂಡಾರ. ಬೆಳಿಗ್ಗೆ ಹಚ್ಚಿದ ಆ ಅರಿಶಿನ ಮಧ್ಯಾಹ್ನದ ಹೊತ್ತಿಗೆ ಬೆವರಿನ ಜೊತೆ ಹುಬ್ಬಿಗೆ ಇಳಿದಿರುತ್ತಿತ್ತು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಹಳೆಯ ಟೈರು ಮಾರುತ್ತಿದ್ದರು, ಪಂಕ್ಚರ್ ತಿದ್ದುತ್ತಿದ್ದರು. ಊರಿಗೆಲ್ಲ ಟೈರ್ ಕಾಕಾ. ಬೆನ್ನ ಹಿಂದೆ ‘ಕೊಯ್ಯೋ ಮುದುಕ’ ಅನ್ನುವವರೂ ಇದ್ದರು. ಹಾಗೆ ಅನ್ನುವವರಲ್ಲಿ ನಾನೂ ಒಬ್ಬನಾಗಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊಯ್ಯುವುದು ಅವರ ಪದ್ಧತಿ. ಸವೆದು ಮುಗಿದ ಟೈರನ್ನು ಬಿಚ್ಚಿದ ಕೂಡಲೇ ಗಿರಾಕಿಯ ಎದುರಿಗೇ ಅದರ ಪಕ್ಕೆಗೆ ಚೂರಿ ಹಾಕಿ ಗೇಣುದ್ದ ಸೀಳುತ್ತಿದ್ದರು. ಸೀಳಿದ ಮೇಲೆ ಅದು ಯಾವ ಕೆಲಸಕ್ಕೆ ಬಂದರೂ ರಸ್ತೆಗೆ ಮಾತ್ರ ಮರಳುವ ಹಾಗಿಲ್ಲ. ಸವೆದ ಟೈರನ್ನು ಸೀಳುವ ಮೊದಲೇ ಕೊಂಡು ಮತ್ತೆ ಮಾರಲು ಕೈ ಚಾಚಿ ಬರುವ ವ್ಯಾಪಾರಿಗಳಿದ್ದರು. ಕಾಕಾ ಅವರನ್ನು ಶೆಡ್ಡಿನ ಹತ್ತಿರ ನಿಲ್ಲಗೊಡುತ್ತಿರಲಿಲ್ಲ.

“ಸತ್ತದ್ದನ್ನ ಸತ್ತೈತಿ ಅನಬೇಕು ತಮ್ಮಾ. ಬಣ್ಣಾ ಬಳದು ಎಬ್ಬಿಸಿ ನಿಲ್ಲಸಬಾರದು,” ಅನ್ನುತ್ತಿದ್ದರು.

ಆಗ ನಾನು ಹುನಗುಂದದಿಂದ ಇಳಕಲ್ಲಿನ ಶಾಲೆಗೆ ಹನ್ನೊಂದು ಮಕ್ಕಳನ್ನು ಕರೆದೊಯ್ಯುತ್ತಿದ್ದೆ. ವ್ಯಾನು ನನಗಿಂತ ಮೊದಲೇ ಇಬ್ಬರ ಕೈ ದಾಟಿ ಬಂದದ್ದು. ಹಿಂದಿನ ಎರಡು ಟೈರು ಬೋಳಾಗಿದ್ದವು. ಕಾಕಾನ ಹತ್ತಿರ ಆ ಸೈಜು ಇರಲಿಲ್ಲ. ಹೊಸ ಟೈರಿನ ಅಂಗಡಿಗೆ ಹೋದೆ. ತಂಪು ಗಾಳಿಯಲ್ಲಿ ಕೂತಿದ್ದ ಆ ಮಹಾಶಯ ನನ್ನ ವ್ಯಾನನ್ನು ಗಾಜಿನ ಒಳಗಿನಿಂದಲೇ ನೋಡಿ, “ಈ ಸೈಜ್ ಈಗ ಯಾರು ತರಸ್ತಾರ್ರಿ? ತರಸಿದ್ರ ನಾಕೂ ತಗೋಬೇಕ. ಅದಕ್ಕಿಂತ ಗಾಡೀನ ಗುಜರಿಗೆ ಹಾಕಿಬಿಡ್ರಿ,” ಅಂದ. ಗುಜರಿಗೆ ಹಾಕಿ ಮನೆಯಲ್ಲಿ ಏನು ಬೇಯಿಸಬೇಕು ಅನ್ನುವುದನ್ನು ಮಾತ್ರ ಅವನು ಹೇಳಲಿಲ್ಲ. ಬಡವನ ಗಾಡಿ ಹಳತಾದರೆ ಅದು ಬಡವನ ತಪ್ಪು ಎಂಬಂತೆ ಮಾತಾಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬಾಗಲಕೋಟೆಯಲ್ಲಿ ಒಂದು ಅಂಗಡಿಯಲ್ಲಿ ಸಿಕ್ಕವು. ಹಳೆಯವು, ಆದರೆ ಎರಡೂ ಹೊಸದರಂತೆ ಮಿರಿಮಿರಿ ಮಿಂಚುತ್ತಿದ್ದವು. ಮೈಮೇಲಿನ ಗೀರುಗಳ ನಕ್ಷೆಯೂ ಆಳವಾಗಿತ್ತು, ರೇಟೂ ಅಗ್ಗ. ಗೆದ್ದೆ ಅಂದುಕೊಂಡು ಹೊತ್ತು ತಂದು ಕಾಕಾನ ಮುಂದೆ ಇಟ್ಟೆ. “ಬರೇ ಹಾಕಿ ಕೊಡ್ರಿ ಸಾಕು,” ಎಂದೆ.

ಕಾಕಾ ಚಿಂದಿಗೆ ಸೀಮೆಎಣ್ಣೆ ಹಚ್ಚಿ ಒರೆಸಿದರು. ಮಿಂಚೆಲ್ಲ ಚಿಂದಿಗೆ ಬಂತು. ಆಮೇಲೆ ನಕ್ಷೆಯ ಸಂದಿಗೆ ಬೆರಳು ಹಾಕಿ ಅಗಲಿಸಿ, “ಬಗ್ಗು, ನೋಡಿಲ್ಲೆ,” ಅಂದರು. ಒಳಗೆ ದಾರದ ಎಳೆಗಳು ಹಲ್ಲು ಕಿರಿಯುತ್ತಿದ್ದವು. ಯಾರೋ ಬೋಳು ಟೈರಿಗೆ ಕಾದ ಚೂರಿಯಿಂದ ಹೊಸ ನಕ್ಷೆ ಕೊರೆದು, ಕಪ್ಪು ಬಣ್ಣ ಬಳಿದು ಮಾರಿದ್ದರು. ಉಳಿದಿದ್ದ ಒಂದಿಷ್ಟು ರಬ್ಬರನ್ನೂ ಕೆತ್ತಿ ಹಾಕಿದ್ದರು.

“ಮ್ಯಾಲೆ ಥಳಕ, ಒಳಗ ಹುಳಕ,” ಅಂದರು ಕಾಕಾ.

ನನಗೆ ಸಿಟ್ಟು ಬಂದದ್ದು ಮಾರಿದವನ ಮೇಲಲ್ಲ, ತೋರಿಸಿದವರ ಮೇಲೆ. “ಇರ್ಲಿ ಹಾಕ್ರಿ ಕಾಕಾ. ಪರೀಕ್ಷೆ ಮುಗಿಯೂತನಾ ನಡದ್ರ ಸಾಕು. ನಾ ಹಗೂರಕ ಹೊಡಿತೇನಿ.”

ಕಾಕಾ ಎದ್ದು ಒಳಗಿನಿಂದ ಸಣ್ಣದೊಂದು ಹಿತ್ತಾಳೆ ಡಬ್ಬಿ ತಂದು ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಭಂಡಾರ. “ಇದನ್ನ ಮುಟ್ಟಿ ಹೇಳು. ಈ ಟೈರಿನ ಮ್ಯಾಲೆ ಕುಂತ ಹುಡುಗ್ರು ದಿನಾ ಮನಿ ಮುಟ್ಟತಾವು ಅಂತ. ನೀ ಮುಟ್ಟಿದ್ರ ನಾ ಹಾಕತೇನಿ.”

“ನಾವು ವಿಭೂತಿ ಮಂದಿ ಕಾಕಾ, ನಮಗ ಭಂಡಾರದ ಆಣಿ ಎಲ್ಲಿ ಹತ್ತತೈತ್ರಿ,” ಎಂದು ನಗಲು ನೋಡಿದೆ.

“ಹಂಗಾರ ನಿನ್ನ ಹಣಿ ಮ್ಯಾಲಿನ ವಿಭೂತೀನ ಮುಟ್ಟಿ ಹೇಳಲೇ.”

ಕೈ ಏಳಲಿಲ್ಲ. ಎದುರಿಗೆ ಕಲ್ಲು ಹೇರಿದ ಲಾರಿಗಳು ಒಂದರ ಹಿಂದೊಂದು ಓಡುತ್ತಿದ್ದವು. ಕಾಕಾ ಡಬ್ಬಿ ಮುಚ್ಚಿಟ್ಟು ಚೂರಿ ತೆಗೆದುಕೊಂಡರು. ಎರಡೂ ಟೈರು ಸೀಳಿದರು. ನಾನು ಬಾಯಿಗೆ ಬಂದದ್ದು ಅಂದೆ. “ನನ್ನ ಟೈರ್ ಕೊಯ್ಯಾಕ ನೀ ಯಾವನಲೇ ಮುದುಕಾ” ಎಂದು ಕೂಡ ಅಂದೆ. ಅವರು ಕೂತು ಪೂರ್ತಿ ಕೇಳಿಸಿಕೊಂಡರು.

“ಬೈದಾತಿಲ್ಲೋ? ನಡಿ, ಹುಡುಕೂಣು,” ಎಂದು ಶೆಡ್ಡಿಗೆ ಕೀಲಿ ಹಾಕಿದರು.

ಎರಡು ದಿನ ಮಕ್ಕಳು ಬಸ್ಸಿನಲ್ಲಿ ಹೋದರು. ಎರಡು ದಿನ ಕಾಕಾ ತಮ್ಮ ದುಡಿಮೆ ಬಿಟ್ಟು ನನ್ನ ಜೊತೆ ಬಸ್ಸಿನಲ್ಲಿ ಅಲೆದರು. ಕಲಾದಗಿಯ ತೋಟದ ಮನೆಯೊಂದರಲ್ಲಿ ಒಂದು ಜೋಡಿ ಇತ್ತು, ಸವೆತವೇ ಇರಲಿಲ್ಲ. ನಾನು ಹಿಗ್ಗಿದೆ. ಕಾಕಾ ಟೈರಿನ ಪಕ್ಕೆಯಲ್ಲಿ ಒತ್ತಿದ್ದ ನಾಲ್ಕು ಅಂಕಿ ಹುಡುಕಿ ತೋರಿಸಿದರು. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. “ಇದು ಇದರ ಜಾತಕ. ಕುಂತಲ್ಲೇ ಮುದುಕ ಆಗೇತಿ,” ಎಂದು ಮಡಚಿ ಹಿಡಿದರು. ರಬ್ಬರಿನ ತುಂಬ ಕೂದಲೆಳೆಯ ಬಿರುಕು. ಅಲ್ಲಿಂದ ಗುಳೇದಗುಡ್ಡ, ಅಲ್ಲಿಯೂ ಇಲ್ಲ. ಕೊನೆಗೆ ಬಾದಾಮಿಯಲ್ಲಿ ನನ್ನಂಥದೇ ವ್ಯಾನಿನ ಒಬ್ಬ ಹುಡುಗ ಶೋಕಿಗೆ ಅಗಲದ ಗಾಲಿ ಹಾಕಿಸಿ, ಆರು ತಿಂಗಳೂ ಓಡದ ಟೈರುಗಳನ್ನು ಮಂಚದ ಕೆಳಗೆ ತಳ್ಳಿದ್ದ. ಕಾಕಾ ಜಾತಕ ಓದಿದರು, ಒಳಗೆ ಕೈಯಾಡಿಸಿದರು, ಮೂಗಿಗೆ ಹಿಡಿದು ಮೂಸಿದರು. “ತಗೋ,” ಅಂದರು. ಬಾಗಲಕೋಟೆಯ ರೇಟಿಗಿಂತ ಸ್ವಲ್ಪವೇ ಹೆಚ್ಚಿಗೆ ಬಿತ್ತು. ಹಾಕಿದ ಕೂಲಿ ಬಿಟ್ಟು ಕಾಕಾ ಬೇರೇನೂ ಮುಟ್ಟಲಿಲ್ಲ.

ಆ ಸೀಳಿದ ಟೈರುಗಳನ್ನು ಬಾಗಲಕೋಟೆಗೆ ಒಯ್ದು ಅಂಗಡಿಯವನ ಮುಂದೆ ಒಗೆದೆ. ಅವನು ನಕ್ಕು, “ಹಳೇದು ಅಂತ ಹೇಳೇ ಕೊಟ್ಟೇವಿಲ್ರಿ?” ಅಂದ. ಮಕ್ಕಳು ಕೂರುವ ಗಾಡಿಗೆ ಅಂತ ಹೇಳಿಯೇ ಕೊಂಡಿದ್ದೆ. ಗೊತ್ತಿದ್ದೂ ಕೊಟ್ಟ. ಆ ಅಂಗಡಿ ಈಗ ಎರಡು ಅಂತಸ್ತಿನದಾಗಿದೆ. ಕಾಕಾನ ಶೆಡ್ಡಿಗೆ ಕೊನೆತನಕ ಅದೇ ತಗಡು. ನ್ಯಾಯ ಎಲ್ಲಿದೆ ಅಂತ ನಾನು ಯಾರನ್ನೂ ಕೇಳುವುದಿಲ್ಲ, ಹಲ್ಲು ಕಡಿಯುತ್ತೇನೆ.

ಹೋದ ವರ್ಷ ಕಾಕಾ ಇಳಕಲ್ಲಿನ ದವಾಖಾನೆಯಲ್ಲಿ ಮಲಗಿದರು. ಉಸಿರು ಸಾಲುತ್ತಿರಲಿಲ್ಲ. ಸಲೈನ್ ಹಚ್ಚಲು ಬಂದ ನರ್ಸ್ ನನ್ನನ್ನು ನೋಡಿ, “ಮಾಮಾ, ಗುರ್ತ ಸಿಗಲಿಲ್ಲೇನ್ರಿ? ನಿಮ್ಮ ವ್ಯಾನಿನ್ಯಾಗ ಸಾಲಿಗೆ ಬರತಿದ್ನೆಲ್ರಿ,” ಅಂದಳು. ಆಗ ಮೂರನೆಯ ಇಯತ್ತೆಯವಳು. ಅವಳು ಕಾಕಾನ ಕೈಯಲ್ಲಿ ರಕ್ತನಾಳ ಹುಡುಕುತ್ತ, “ಇವರು ನಿಮಗೇನ ಆಗಬೇಕ್ರಿ?” ಎಂದಳು. ನಾನು ಬಾಯಿ ತೆರೆದೆ. ಕಾಕಾ ತಲೆ ಅಲ್ಲಾಡಿಸಿದರು. ಅವಳು ಹೋದ ಮೇಲೆ, “ಹೇಳಬ್ಯಾಡ. ಸುಮ್ಮನ ಯಾಕ ಹುಡುಗೀನ ಅಂಜಸ್ತಿ?” ಅಂದರು.

ಮೂರನೆಯ ದಿನ ಹೋದರು. ಮಣ್ಣು ಮಾಡಿ ಬಂದವರು, “ಒಳ್ಳೇಂವ, ಆದ್ರ ವ್ಯಾಪಾರ ತಿಳಿಲಿಲ್ಲ ನೋಡ,” ಎಂದು ಮಾತಾಡಿಕೊಂಡರು. ನನಗೆ ತಡೆಯಲಾಗಲಿಲ್ಲ. ಕಾಕಾನ ಮಾತು ಮೀರಿ ದವಾಖಾನೆಗೆ ಹೋಗಿ ಆ ಹುಡುಗಿಗೆ ಎಲ್ಲವನ್ನೂ ಹೇಳಿದೆ. ನಾನು ಆ ಕೊರೆದ ಟೈರುಗಳನ್ನೇ ಹಾಕಿ ಎಂದು ಹಟ ಹಿಡಿದದ್ದನ್ನೂ ಮುಚ್ಚಿಡಲಿಲ್ಲ.

ಅವಳು ಕೈಯಲ್ಲಿದ್ದ ಸಲೈನ್ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ, “ನಾ ಎಲ್ಲಿ ಕುಂದರತಿದ್ದೆ ಮಾಮಾ?” ಎಂದು ಕೇಳಿದಳು.

“ಹಿಂದ, ಎಡಗಡಿ ಗಾಲಿ ಮ್ಯಾಲೆ,” ಎಂದೆ.