ಎಲೆ ಅಡಿಕೆ ಬಿಟ್ಟ ನಾಲ್ಕನೇ ದಿನ

ಹರಿಹರದಲ್ಲಿ ಪತ್ರ ಬರೆಯುವುದು ನನ್ನ ಕೆಲಸ. ಕ್ರಯಪತ್ರವಿರಲಿ, ವಿಭಾಗಪತ್ರವಿರಲಿ, ಹೊಲದ ನಾಲ್ಕು ದಿಕ್ಕಿಗೆ ಯಾರ ಜಮೀನು, ಯಾವ ದಾರಿ, ಯಾವ ಹಳ್ಳ ಎಂದು ತಪ್ಪಿಲ್ಲದೆ ಬರೆಯಬೇಕು. ಇಪ್ಪತ್ತೆಂಟು ವರ್ಷ ಅದನ್ನು ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಬರೆದೆ. ಸುಣ್ಣ ಹಚ್ಚಿದ ಎಲೆ, ಅಡಿಕೆ, ಒಂದು ಚಿಟಿಕೆ ಹೊಗೆಸೊಪ್ಪು. ದಾವಣಗೆರೆಯಲ್ಲಿ ಬಸ್ಸು ಹತ್ತುವ ಮುಂಚೆ ಒಂದು, ಹರಿಹರದಲ್ಲಿ ಇಳಿದ ಕೂಡಲೇ ಇನ್ನೊಂದು. ಆಮೇಲೆ ಎಷ್ಟೋ. ಅದಿಲ್ಲದೆ ತಲೆ ಓಡುವುದಿಲ್ಲ ಎಂದೇ ನಂಬಿದ್ದೆ.

ಮರೆವನ್ನು ಮೊದಲು ಗುರುತಿಸಿದವಳು ಹೆಂಡತಿ. ಒಂದು ಬೆಳಿಗ್ಗೆ ರೊಟ್ಟಿ ಬಡಿಸುತ್ತಾ, "ಏನ್ರೀ, ಮಗಳು ಎಲ್ಲಿ ಅಂತ ನಿನ್ನೆನೂ ಕೇಳಿದ್ರಿ, ಮೊನ್ನೆನೂ ಕೇಳಿದ್ರಿ. ಹದಡಿ ಊರಿಗೆ ಹೋಗ್ಯಾಳೆ ಅಂತ ಎಷ್ಟ್ ಸಲ ಹೇಳ್ಲಿ?" ಎಂದಳು. ರೊಟ್ಟಿಯ ತುತ್ತಿಗೆ ನನ್ನ ಬಾಯಿ ಪೂರ್ತಿ ತೆರೆಯುತ್ತಿಲ್ಲ ಎಂಬುದನ್ನೂ ಅವಳು ನೋಡಿದ್ದಳು. ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಬಾಯಿ ನೋಡಿದರು. ಆಮೇಲೆ ಐದು ಪದ ಹೇಳಿ ನೆನಪಿಟ್ಟುಕೊಳ್ಳಲು ತಿಳಿಸಿ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ತೊಂಬತ್ತಮೂರು, ಎಂಬತ್ತಾರು... ಅಲ್ಲಿಗೆ ನಿಂತೆ. ಪದಗಳಲ್ಲಿ ಎರಡೇ ನೆನಪಿದ್ದವು.

"ಎಲೆ ಹಾಕ್ಕೊಂಡು ಒಂದು ಗಂಟೆ ಆಯ್ತಲ್ರಿ, ಅದ್ಕೇ," ಎಂದೆ.

"ಚಟ ಅಂದ್ರೆ ಅದೇ ನೋಡ್ರಿ. ಹೊಗೆಸೊಪ್ಪು, ಅಡಿಕೆ ಎರಡೂ ಮೆದುಳಿನ ಮೇಲೆ ಕೆಲ್ಸ ಮಾಡ್ತಾವೆ. ಹಾಕ್ಕೊಂಡ್ರೆ ಚುರುಕಾದಂಗೆ ಅನ್ಸುತ್ತೆ. ಅದು ಹೊಸ ಚುರುಕಲ್ಲ, ಇಲ್ದಾಗ ಕವಿಯೋ ಮಂಕು ಸರೀತೈತೆ ಅಷ್ಟೆ. ಮರೆವಿಗೆ ಬೇರೆ ಕಾರಣನೂ ಇರಬಹುದು, ರಕ್ತ ಪರೀಕ್ಷೆ ಮಾಡ್ಸೋಣ. ಮೊದ್ಲು ಇದನ್ನ ಬಿಡ್ರಿ."

ಅವತ್ತೇ ಬಿಟ್ಟೆ. ನಾಲ್ಕನೇ ದಿನ ಸಾರಥಿ ಎಂಬ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ತಮ್ಮನ ಜೊತೆ ವಿಭಾಗಪತ್ರ ಬರೆಸಲು ಬಂದಳು. ನನಗೋ ಕೂತರೆ ಕಾಲು ಕುಣಿಯುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಒಂದೇ ಸಾಲನ್ನು ಮೂರು ಸಲ ಓದಿ ಬರೆದೆ. ಮುಗಿದಾಗ ಆಕೆ, "ಓದಿ ಹೇಳ್ರಿ ಅಣ್ಣಾರೆ, ನಂಗೆ ಓದಕ್ ಬರಲ್ಲ," ಎಂದಳು. ಓದಿದೆ. ಕಣ್ಣು ಮುಚ್ಚಿ, ಹೊಲದಲ್ಲೇ ನಡೆಯುತ್ತಿರುವಂತೆ ಕೇಳಿಸಿಕೊಂಡಳು.

"ತಡೀರಿ. ಮೂಡ್ಲಕ್ಕೆ ಹಳ್ಳ ಅಂದ್ರಲ್ಲ? ಹಳ್ಳ ಪಡುವಲಕ್ಕೈತೆ. ಮೂಡ್ಲಕ್ಕೆ ಬಂಡಿದಾರಿ. ಹಿಂಗೆ ಬರೆದ್ರೆ ನಾನು ಹೊಲಕ್ಕೆ ಹೆಂಗೆ ಹೋಗ್ಲಿ?"

ಐದು ನಿಮಿಷ ಎಂದು ಹೇಳಿ ರಸ್ತೆ ದಾಟಿ ಬೀಡಾ ಅಂಗಡಿಗೆ ಹೋದೆ. ಎಲೆ ಬಾಯಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಮಂಕು ಸರಿದು ದಿಕ್ಕುಗಳು ತಮ್ಮ ಜಾಗಕ್ಕೆ ಬಂದವು. ಆ ತಪ್ಪಿಗಿಂತ ಇದು ನನ್ನನ್ನು ಹೆಚ್ಚು ಹೆದರಿಸಿತು.

ವಾಪಸ್ ಬಂದಾಗ ಆಕೆ ನನ್ನ ಉಬ್ಬಿದ ಕೆನ್ನೆ ನೋಡಿ, "ಬಿಟ್ಟಿದ್ರೇನು?" ಎಂದು ಕೇಳಿದಳು.

"ನಾಲ್ಕು ದಿನ ಆಗಿತ್ತು."

"ನಮ್ಮವ್ವ ಎಲೆ ಅಡಿಕೆ ಹಾಕಿ ಹಾಕಿ ಕೊನಿಗೆ ಬಾಯಿ ತೆರೆಯಕ್ಕಾಗದೆ ಗಂಜಿ ಕುಡ್ಕೊಂಡೇ ಹೋದ್ಲು. ತಪ್ಪು ಬರೆದ್ರೆ ತಿದ್ದಬೋದು ಅಣ್ಣಾರೆ. ಉಗುಳಿ ಬರ್ರಿ, ನಾ ಕೂತಿರ್ತೀನಿ."

ಉಗುಳಿ, ಬಾಯಿ ತೊಳೆದು ಬಂದೆ. ಪತ್ರ ಮುಗಿಯುವವರೆಗೂ ಆಕೆ ಕೂತಿದ್ದಳು. ಅವಳು ಹೋದ ಮೇಲೆ ಪಕ್ಕದ ಮೇಜಿನ ಗೆಳೆಯನಿಗೆ, "ಇನ್ಮೇಲೆ ನಾ ಬರೆದಿದ್ದನ್ನೆಲ್ಲ ನೀನೊಂದ್ಸಲ ಓದಪ್ಪ," ಎಂದೆ. ನಕ್ಕ. ಕಾರಣ ಹೇಳಿದ ಮೇಲೆ ನಗಲಿಲ್ಲ. ಮೊದಲ ತಿಂಗಳು ಎರಡು ಪತ್ರಗಳಲ್ಲಿ ಸರ್ವೆ ನಂಬರು ತಿರುವುಮುರುವಾಗಿದ್ದನ್ನು ಹಿಡಿದ.

ನಡುವೆ ಎರಡು ಸಲ ಸೋತೆ. ಈಗ ಏಳು ತಿಂಗಳಿಂದ ಮುಟ್ಟಿಲ್ಲ. ರಕ್ತದಲ್ಲಿ ದೋಷವೇನೂ ಸಿಗಲಿಲ್ಲ. ಬಾಯಿಯ ಬಿಗಿತ ಹಾಗೇ ಇದೆ. ಮೊನ್ನೆ ಡಾಕ್ಟರು ಹೇಳಿದ ಐದು ಹೊಸ ಪದಗಳಲ್ಲಿ ನಾಲ್ಕು ಹೇಳಿದೆ. ಹೋದದ್ದೆಲ್ಲ ವಾಪಸ್ ಬರುತ್ತದೆಯೇ ಎಂದು ಕೇಳಿದರೆ, "ಹೇಳಕ್ಕಾಗಲ್ರಿ. ಮತ್ತೆ ಹಿಡೀಬ್ಯಾಡ್ರಿ, ಅಷ್ಟೆ," ಎಂದರು.

ಒಂದು ಪತ್ರ ಮುಗಿಯುವವರೆಗೆ ಕೂರುವುದು ಇನ್ನೂ ಆಗುತ್ತಿಲ್ಲ. ಎರಡು ಸಾಲು ಬರೆದು ಏಳುತ್ತೇನೆ, ಮೇಜು ಸುತ್ತಿ ಬರುತ್ತೇನೆ. "ಯಾಕ್ರಿ, ಅವಸರ ಐತೇನು?" ಎಂದು ಬಂದವರು ಕೇಳುತ್ತಾರೆ. "ಇಲ್ಲ, ಕೂಡ್ರಿ," ಎಂದು ನಿಂತುಕೊಂಡೇ ಮುಂದಿನ ಸಾಲು ಬರೆಯುತ್ತೇನೆ.